ಬೇಸಿಗೆಯ ಶಾಲೆ, ಬೀಗರ ಬಿಡದಿ

ತಾನು ಮಾಡಬೇಕಾಗಿಲ್ಲದ ಕೆಲಸವನ್ನು ಹೆಚ್ಚಿಸುವುದರಲ್ಲಿ ಮನುಷ್ಯನಿಗೆ ಇರುವಷ್ಟು ಹುಮ್ಮಸ್ಸು ಬೇರೆ ಯಾವುದರಲ್ಲೂ ಇಲ್ಲ. ಉಪವಾಸದ ಮಹಿಮೆಯನ್ನು ಹೊಟ್ಟೆ ತುಂಬಿದವರು ಹೇಳುತ್ತಾರೆ. ನಡಿಗೆಯ ಗುಣವನ್ನು ಜಟಕಾದಲ್ಲಿ ಕೂತವರು ಹೇಳುತ್ತಾರೆ. ಶಾಲೆ ವರ್ಷಕ್ಕೆ ಎಷ್ಟು ದಿನ ನಡೆಯಬೇಕು ಎಂಬುದನ್ನು, ಶಾಲೆಯ ಮೆಟ್ಟಿಲು ಹತ್ತಿ ಯುಗವಾದ ಮಹನೀಯರು ಹೇಳುತ್ತಾರೆ. ಈ ವಿಷಯ ಬಂದರೆ ನನಗೆ ಇಂದಿಗೂ ಮೈ ಉರಿಯುತ್ತದೆ. ಮೊದಲೇ ಹೇಳಿಬಿಡುತ್ತೇನೆ, ನನಗೆ ಕೋಪ ಮೂಗಿನ ತುದಿಯಲ್ಲೇ ಇರುವುದು. ನನ್ನ ಮನೆಯವರು, "ಆ ಮೂಗಿನ ಮ್ಯಾಲ ಒಂದ್ ರೊಟ್ಟಿ ಹಾಕಿದ್ರ ಸುಡ್ತೈತಿ ನೋಡ್ರಿ" ಎನ್ನುತ್ತಾರೆ. ಹಾಗೆಂದು ಅವರು ನನಗೆ ಹೆದರುತ್ತಾರೆ ಎಂದು ಯಾರೂ ತಿಳಿಯಬಾರದು.

ಸ್ವಾತಂತ್ರ್ಯ ಬಂದ ಹೊಸತು. ನಾನು ಆಗ ಕುರುಗೋಡಿನ ಶಾಲೆಯಲ್ಲಿ ಹೆಡ್‌ಮಾಸ್ತರನಾಗಿದ್ದೆ. ಬಳ್ಳಾರಿಯಲ್ಲಿ ವಿದ್ಯಾಭ್ಯಾಸದ ಸುಧಾರಣೆಗೆಂದು ಒಂದು ಕಮಿಟಿ ಹುಟ್ಟಿಕೊಂಡಿತು. ಅದರ ಅಧ್ಯಕ್ಷರು ದೊಡ್ಡ ವಕೀಲರು. ತಲೆಯ ಮೇಲೆ ವಿದ್ಯುತ್ ಪಂಖ ತಿರುಗದಿದ್ದರೆ ಅವರ ತಲೆಯೂ ತಿರುಗುತ್ತಿರಲಿಲ್ಲ ಎಂದು ಕೋರ್ಟಿನವರೇ ಹೇಳುತ್ತಿದ್ದರು. ದೇಶ ಮುಂದಕ್ಕೆ ಓಡುತ್ತಿರುವಾಗ ಮಕ್ಕಳು ಎರಡು ತಿಂಗಳು ಮಾವಿನಹಣ್ಣು ಚೀಪುತ್ತಾ ಕೂತರೆ ಹೇಗೆ ಎಂಬ ಯೋಚನೆ ಅವರಿಗೆ ಹೊಳೆಯಿತು. ಹೊಳೆದದ್ದೇ ತಡ, ಪ್ರಯೋಗಕ್ಕೆಂದು ಕೆಲವು ಶಾಲೆಗಳ ವರ್ಷವನ್ನು ಹಿಗ್ಗಿಸಿದರು. ನಮ್ಮ ಪುಣ್ಯಕ್ಕೆ ಅದರಲ್ಲಿ ಕುರುಗೋಡೂ ಸೇರಿತು. ಬೇಸಿಗೆ ರಜೆ ಮೊಟಕಾಯಿತು, ಮೇ ತಿಂಗಳಲ್ಲೂ ಬೆಳಗಿನ ಶಾಲೆ ನಡೆಯಬೇಕಾಯಿತು, ಎಂಟನೇ ತರಗತಿಯ ದೊಡ್ಡ ಪರೀಕ್ಷೆ ಆ ತಿಂಗಳ ಕೊನೆಗೆ ಹೋಯಿತು. ಈ ಆಜ್ಞೆ ಹೊರಡಿಸಿದ ಮೇಲೆ ಅಧ್ಯಕ್ಷರು ಸೆಕೆ ತಡೆಯಲಾರದೆ ಬೆಂಗಳೂರಿನ ಮಗಳ ಮನೆಗೆ ಹೋದರು.

ಕುರುಗೋಡಿನ ಬೇಸಿಗೆಯನ್ನು ಕಾಣದವರಿಗೆ ಹೇಗೆ ವಿವರಿಸಲಿ? ಊರಿನ ಸುತ್ತ ಬಂಡೆಯ ಗುಡ್ಡ. ಶಾಲೆಗೆ ಕಲ್ಲಿನ ಗೋಡೆ, ಮೇಲೆ ಕಲ್ಲಿನ ಚಪ್ಪಡಿ. ಹಗಲೆಲ್ಲ ಕಾದ ಕಲ್ಲು ರಾತ್ರಿ ಆರುವಷ್ಟರಲ್ಲಿ ಮತ್ತೆ ಸೂರ್ಯ ಹಾಜರ್. ಬೆಳಗಿನ ಶಾಲೆ ಎಂದರೆ ತಂಪಿನ ಶಾಲೆ ಎಂದು ಬಳ್ಳಾರಿಯ ಪಂಖದ ಕೆಳಗೆ ಬರೆದುಕೊಂಡಿದ್ದರು. ಇಲ್ಲಿ ಮೊದಲ ಗಂಟೆ ಹೊಡೆಯುವ ಹೊತ್ತಿಗೆ ಮಕ್ಕಳ ಅಂಗಿ ಬೆನ್ನಿಗೆ ಅಂಟಿರುತ್ತಿತ್ತು. ಅಶೋಕ ಸಾಲುಮರ ನೆಡಿಸಿದ ಎಂದು ಪಾಠ ಮಾಡಿದರೆ ಹಿಂದಿನ ಸಾಲಿನ ಹುಡುಗ, "ನಮ್ಮೂರಾಗ ಯಾಕ ನೆಡಿಸ್ಲಿಲ್ರಿ?" ಎಂದು ಕೇಳಿದ. ಇತ್ತ ಮನೆಯಲ್ಲಿ ನನ್ನವರ ಮುಖ ಗಡಿಗೆಯಾಗಿತ್ತು. ಬೇಸಿಗೆ ಬಂತೆಂದರೆ ನಾವು ಸಿರುಗುಪ್ಪದ ಅವರ ತವರಿಗೆ ಹೋಗಿ, ಹೊಳೆಯಲ್ಲಿ ಮುಳುಗಿ, ಅತ್ತೆಯವರು ಬಡಿಸಿದ್ದನ್ನು ತಿಂದು, ಮೈಕೈ ತುಂಬಿಕೊಂಡು ಬರುವುದು ರೂಢಿ. "ನಿಮ್ಮ ಕಮಿಟಿಗೆ ಹೆಂಡ್ತಿ ತವರುಮನಿ ಅಂಬೋದು ಒಂದು ಐತಿ ಅಂತ ಯಾರೂ ಹೇಳಿಲ್ಲೇನು?" ಎಂದು ಅವರು ಕೇಳಿದರು. ಕಮಿಟಿ ನನ್ನದಲ್ಲ ಎಂದು ಎಷ್ಟು ಹೇಳಿದರೂ ಕೇಳಲಿಲ್ಲ.

ಇದಿಷ್ಟೇ ಆಗಿದ್ದರೆ ನಾಲ್ಕು ಬೈಗುಳ ಬೈದು ಸುಮ್ಮನಾಗುತ್ತಿದ್ದೆ. ನಮ್ಮೂರಿನಲ್ಲಿ ಇನ್ನೊಂದು ಪದ್ಧತಿ ಇತ್ತು. ಬೇಸಿಗೆ ಎಂದರೆ ಮದುವೆಯ ಕಾಲ. ಮದುವೆಗೆ ಬರುವ ಗಂಡಿನ ಕಡೆಯವರನ್ನು ಇಳಿಸಲು ಒಂದು ಬಿಡದಿ ಬೇಕು. ಊರಿನಲ್ಲಿ ಅಷ್ಟು ಜನ ಮೈಚಾಚುವ ಜಾಗ ಶಾಲೆಯೊಂದೇ. ಆದ್ದರಿಂದ ರಜೆ ಬಿಟ್ಟ ಕೂಡಲೇ ಬೀಗದಕೈ ನನ್ನ ಸೊಂಟದಿಂದ ಹೆಣ್ಣಿನ ತಂದೆಯ ಸೊಂಟಕ್ಕೆ ಹೋಗುತ್ತಿತ್ತು. ಅದಕ್ಕೆ ಪ್ರತಿಯಾಗಿ ಅವರು ಶಾಲೆಗೆ ಸುಣ್ಣ ಬಳಿಸಿಕೊಡುತ್ತಿದ್ದರು. ಸರ್ಕಾರ ನಮ್ಮ ಗೋಡೆಗೆ ಸುಣ್ಣ ಬಳಿಸಿದ್ದನ್ನು ಕಂಡವರು ಯಾರೂ ಬದುಕಿರಲಿಲ್ಲ. ಬೀಗರು ಇದ್ದುಹೋದ ಗುರುತು ಅಲ್ಲಲ್ಲಿ ಉಳಿಯುತ್ತಿತ್ತು, ನಿಜ. ಭಾರತದ ನಕ್ಷೆಗೆ ಯಾರೋ ಎಲೆಯಡಿಕೆ ಹಾಕಿಕೊಂಡು ಸುಣ್ಣದ ಬೆರಳು ಒರೆಸಿದ್ದರಿಂದ ಸಿಂಹಳದ ಪಕ್ಕ ಹೊಸದೊಂದು ದ್ವೀಪ ಹುಟ್ಟಿತ್ತು. ಅದನ್ನೂ ಮಕ್ಕಳು ಬಾಯಿಪಾಠ ಮಾಡುತ್ತಿದ್ದರು.

ಆ ವರ್ಷ ಎಂಟನೇ ತರಗತಿಯಲ್ಲಿ ಈರಮ್ಮ ಎಂಬ ಹುಡುಗಿ ಇದ್ದಳು. ಆ ತರಗತಿಯವರೆಗೆ ಉಳಿದ ಹೆಣ್ಣುಮಗಳು ಅವಳೊಬ್ಬಳೇ. ತಂದೆ ಕೊಟ್ರಪ್ಪ ಒಳ್ಳೆಯ ಒಕ್ಕಲಿಗ, ಆದರೆ ಹಟದಲ್ಲಿ ನನಗೆ ಅಣ್ಣ. ಸಿರುಗುಪ್ಪದ ಕಡೆಯ ಕರೂರಿನಲ್ಲಿ ಗದ್ದೆ ಇದ್ದ ಮನೆಯ ಹುಡುಗನಿಗೆ ಅವಳನ್ನು ಕೊಡುವುದೆಂದು ಮಾತಾಗಿತ್ತು. ಹುಡುಗಿ ಎಂಟು ಪಾಸಾದರೆ ಬಳ್ಳಾರಿಯ ಟ್ರೇನಿಂಗ್ ಶಾಲೆಗೆ ಸೇರಿಸಿ ಟೀಚರು ಮಾಡೋಣ ಎಂದು ಅವರೂ ಒಪ್ಪಿದ್ದರು. ಎಂದಿನಂತೆ ಪರೀಕ್ಷೆ ಏಪ್ರಿಲ್‌ನಲ್ಲಿ ಮುಗಿಯುತ್ತದೆಂದು ನಂಬಿ ಕೊಟ್ರಪ್ಪ ಮೇ ಕೊನೆಯ ವಾರದಲ್ಲಿ ಮುಹೂರ್ತ ಇಡಿಸಿದ್ದ. ಈಗ ಪರೀಕ್ಷೆ ಸರಿದು ಸರಿದು ಸೀದಾ ಮದುವೆ ಚಪ್ಪರದ ಕೆಳಗೆ ಬಂದು ಕೂತಿತು. ವಿದ್ಯೆ ಹೆಚ್ಚಿಸಲು ವರ್ಷ ಹಿಗ್ಗಿಸಿದ ಮಹಾನುಭಾವರು, ಇಡೀ ಊರಿನಲ್ಲಿ ಎಂಟು ಮುಟ್ಟಿದ ಒಂದೇ ಒಂದು ಹುಡುಗಿಯ ಓದಿಗೆ ಕಲ್ಲು ಹಾಕಿದ್ದರು. ಈರಮ್ಮ ಒಂದು ದಿನ ನನ್ನ ಮೇಜಿನ ಬಳಿ ನಿಂತು, "ನನ್ನೊಬ್ಬಾಕಿಗೆ ಪರೀಕ್ಷಿ ಮುಂಚೇನ ಇಡಾಕ ಬರಂಗಿಲ್ಲೇನ್ರಿ?" ಎಂದಳು. ಇಲ್ಲವೆಂದೆ. ಅವಳು ಅಳಲಿಲ್ಲ. ಸುಮ್ಮನೆ ಹೋಗಿ ಕೂತು ಲೆಕ್ಕ ಬಿಡಿಸತೊಡಗಿದಳು. ನನಗೆ ಅದನ್ನು ನೋಡಲಾಗಲಿಲ್ಲ.

ಬಸ್ಸು ಹಿಡಿದು ಬಳ್ಳಾರಿಗೆ ಹೋದೆ. ಅಧ್ಯಕ್ಷರು ಬೆಂಗಳೂರಿನಿಂದ ಬಂದಿರಲಿಲ್ಲ. ಅವರ ಗುಮಾಸ್ತ ಬೀಸಣಿಗೆ ಬೀಸಿಕೊಳ್ಳುತ್ತಾ, "ಆರ್ಡರ್ ಆಗಿಬಿಟ್ಟೈತ್ರಿ, ಏನ್ ಮಾಡಾಕ ಬರ್ತೈತಿ? ಮಳಿಗಾಲದಾಗ ಬರ್ರಿ, ಯೋಚನಿ ಮಾಡೂಣು" ಎಂದ. ಆ ಸಿಟ್ಟಿನಲ್ಲಿ ಕೌಲ್ ಬಜಾರಿನ ಒಂದು ಹೋಟೆಲಿನಲ್ಲಿ ಕುದಿಯುವ ಚಹಾ ಒಂದೇ ಗುಟುಕಿಗೆ ಕುಡಿದು ನಾಲಗೆ ಸುಟ್ಟುಕೊಂಡೆ. ಊರಿಗೆ ಬಂದು ಕೊಟ್ರಪ್ಪನ ಕಟ್ಟೆ ಹತ್ತಿದೆ. ಮುಹೂರ್ತವನ್ನು ಒಂದು ವಾರ ಮುಂದಕ್ಕೆ ಹಾಕಪ್ಪಾ ಎಂದು ಬೇಡಿಕೊಂಡೆ. ಅವನು ತಲೆಯ ರುಮಾಲು ಬಿಚ್ಚಿ ಮತ್ತೆ ಸುತ್ತಿಕೊಂಡು ಹೇಳಿದ:

"ಮೇಷ್ಟ್ರ, ಪರೀಕ್ಷಿ ವರ್ಷ ವರ್ಷ ಬರ್ತೈತಿ. ಬೀಗರು ವರ್ಷ ವರ್ಷ ಬರಂಗಿಲ್ರಿ. ಜೂನ್ ಬಂತಂದ್ರ ಮಳಿ ಹಿಡಿತೈತಿ. ಎತ್ತು ಬಂಡಿ ಎಲ್ಲಾ ಹೊಲದಾಗ ಇರ್ತಾವು. ದಿಬ್ಬಣ ಯಾತರಾಗ ಬರಬೇಕು?"

"ಮದಿವಿ ಆದಮ್ಯಾಲ ಸೊಸೀನ್ನ ಪರೀಕ್ಷೀಗೆ ಯಾರು ಕಳಸ್ತಾರ ಕೊಟ್ರಪ್ಪ? ಒಂದ್ ವಾರಕ್ಕ ಮಗಳ ಜೀವಮಾನ ಕೆಡಸ್ತೀಯಲ್ಲ."

"ಕೆಡಿಸಿದಾಂವ ನಾನಲ್ರಿ. ಬ್ಯಾಸಿಗ್ಯಾಗ ಸಾಲಿ ಇಟ್ಟಾರಲ್ಲ, ಅವರನ್ನ ಕೇಳ್ರಿ."

ಅವನು ಹೇಳಿದ್ದು ಅಕ್ಷರಶಃ ನನ್ನ ಮನಸ್ಸಿನ ಮಾತು. ಕಟ್ಟೆ ಇಳಿದು ಬಂದೆ.

ಮದುವೆಗೆ ಮುಂಚೆ ಗಂಡಿನ ಕಡೆಯ ಹಿರಿಯರೊಬ್ಬರು ಬಂದು ಬಿಡದಿ ನೋಡಿಹೋಗುವ ವಾಡಿಕೆ ಉಂಟು. ಹಾಗೆ ಒಂದು ಬೆಳಿಗ್ಗೆ ವರನ ಸೋದರಮಾವ ಕರೂರಿನಿಂದ ಬಂದಿಳಿದರು. ದೊಡ್ಡ ಆಳು, ದೊಡ್ಡ ಮೀಸೆ, ಕೈಯಲ್ಲಿ ಬೆಳ್ಳಿ ಕಟ್ಟಿನ ಕೋಲು. ನಾನು ಭಿನ್ನರಾಶಿ ಹೇಳಿಕೊಡುತ್ತಿದ್ದಂತೆಯೇ ಒಳಗೆ ಬಂದು, ಮಕ್ಕಳು ಅಲ್ಲಿಲ್ಲವೆಂಬಂತೆ ಕೋಣೆಯನ್ನು ಕಣ್ಣಿನಲ್ಲೇ ಅಳೆದರು. "ಇಲ್ಲಿ ಹಿರೇರು ಮಕ್ಕಂತಾರ. ಆ ಕಪ್ಪು ಹಲಗಿ ತಗದ್ರ ಅಲ್ಲಿ ಟ್ರಂಕು ಇಡಾಕ ಬರ್ತೈತಿ. ಹಜಾಮ್ರಿಗೆ ಆ ಮೂಲಿ ಆತು" ಎಂದು ತಮ್ಮಷ್ಟಕ್ಕೆ ಹೇಳಿಕೊಂಡರು. ಭಾವಿ ಸೊಸೆ ಮೊದಲ ಸಾಲಿನಲ್ಲೇ ಕೂತು ಸೆರಗು ಮುಖಕ್ಕೆ ಎಳೆದುಕೊಂಡು, ಎಳೆದುಕೊಂಡ ಸೆರಗಿನ ಒಳಗಿನಿಂದಲೇ ಭಿನ್ನರಾಶಿ ಕೂಡಿಸುತ್ತಿದ್ದಳು.

ಆ ಗಳಿಗೆಯಲ್ಲಿ ನನಗೆ ಏನೋ ಹೊಳೆಯಿತು. ಎದೆ ಉಬ್ಬಿಸಿ, "ಮಾವನವರ, ಈ ಸಲ ಸಾಲಿ ಕೊಡಾಕ ಬರಂಗಿಲ್ರಿ. ಸಾಲಿ ನಡದೈತಿ" ಎಂದೆ.

"ಬ್ಯಾಸಿಗ್ಯಾಗ ಸಾಲಿ? ಯಾವನಿಗೆ ತಲಿ ಕೆಟ್ಟೈತಿ?" ಎಂದರು ಅವರು.

ಅವರನ್ನು ತಬ್ಬಿಕೊಳ್ಳೋಣ ಎನ್ನಿಸಿತು. ಆದರೆ ತಬ್ಬಿಕೊಂಡರೆ ಕೆಲಸ ಕೆಡುತ್ತಿತ್ತು. ಆದ್ದರಿಂದ ನಾನು, ಯಾವ ಆಜ್ಞೆಯನ್ನು ಹಗಲೂ ರಾತ್ರಿ ಶಪಿಸುತ್ತಿದ್ದೆನೋ ಅದೇ ಆಜ್ಞೆಯ ಪರವಾಗಿ ನಿಂತು ಭಾಷಣ ಬಿಗಿದೆ. ಶಾಲೆಯ ವರ್ಷ ಉದ್ದವಾಗಬೇಕು, ಇಲ್ಲದಿದ್ದರೆ ದೇಶ ಹಿಂದುಳಿಯುತ್ತದೆ, ಬಂದ ಸ್ವರಾಜ್ಯ ವ್ಯರ್ಥವಾಗುತ್ತದೆ ಎಂದೆಲ್ಲ ಹೇಳಿದೆ. ಮಕ್ಕಳು ಬೆರಗಾಗಿ ನೋಡುತ್ತಿದ್ದರು. ಕೊನೆಗೆ, ಪರೀಕ್ಷೆ ಮುಗಿದ ದಿನ ಸಂಜೆ ಬೀಗದಕೈ ನಿಮ್ಮದು, ಅಲ್ಲಿಯವರೆಗೆ ದೇವೇಂದ್ರ ಬಂದರೂ ಕೊಡುವುದಿಲ್ಲ ಎಂದು ಮುಗಿಸಿದೆ. ಮಾವನವರು, "ಬಿಡ್ದಿ ಇಲ್ಲದ ಮದಿವಿಗೆ ನಮ್ಮ ಮಂದಿ ಕಾಲಿಡಂಗಿಲ್ಲ" ಎಂದು ಕೋಲು ಕುಟ್ಟಿ ಹೊರಟರು.

ಮಧ್ಯಾಹ್ನ ಕೊಟ್ರಪ್ಪ ಬೆಂಕಿಯಾಗಿ ನಮ್ಮ ಮನೆಗೆ ಬಂದ. ನನ್ನವರು ಮಜ್ಜಿಗೆ ಕೊಟ್ಟರು. ಕುಡಿದು ಬೈದ, ಬೈದು ಮತ್ತೆ ಕುಡಿದ. "ಆಪ್ತ ಅಂತ ತಿಳಿದಿದ್ದೆ, ಬೀಗರ ಮುಂದ ನನ್ನ ಮಾನ ಕಳದ್ರಿ" ಎಂದ. ನಾನು, ಏನು ಮಾಡಲಿ, ಸರ್ಕಾರದ ಆರ್ಡರು ಎಂದು ಕೈಚೆಲ್ಲಿದೆ. ಸರ್ಕಾರದ ಹೆಸರು ಹೇಳಿ ಕೈಚೆಲ್ಲುವುದರಲ್ಲಿ ಅದೆಂಥ ಸುಖವಿದೆ ಎಂದು ನನಗೆ ಅಂದೇ ತಿಳಿದದ್ದು. ಕೊಟ್ರಪ್ಪ ಊರೆಲ್ಲ ಬಿಡದಿ ಹುಡುಕಿದ. ಹತ್ತಿ ಜಿನ್ನಿನ ಶೆಡ್ಡು ಅರಳೆಯ ಅಂಡಿಗೆಗಳಿಂದ ತುಂಬಿತ್ತು. ಗುಡ್ಡದ ಕೆಳಗಿನ ಹಳೆಯ ಮಂಟಪದಲ್ಲಿ ಬಾವಲಿಗಳು ಆಗಲೇ ಇಳಿದುಕೊಂಡಿದ್ದವು. ಕಡೆಗೆ ಮಠದ ಸ್ವಾಮಿಗಳನ್ನು ಕೇಳಿ ಜೂನಿನ ಮೊದಲ ವಾರಕ್ಕೆ ಬೇರೆ ಮುಹೂರ್ತ ಇಡಿಸಿದ. ನನ್ನ ಜೊತೆ ಮಾತು ಬಿಟ್ಟ.

ಈರಮ್ಮ ಪರೀಕ್ಷೆ ಬರೆದಳು. ಮುಗಿದ ಸಂಜೆಯೇ ಬೀಗದಕೈ ಕೊಟ್ಟೆ. ಗೋಡೆಗೆ ಸುಣ್ಣ ಬಿತ್ತು, ದಿಬ್ಬಣ ಬಂತು, ಮಳೆಯೂ ಬಂತು. ಬಂಡಿಯ ಗಾಲಿ ಕರಿಮಣ್ಣಿನಲ್ಲಿ ಹೂತು, ಬೀಗರು ಪಂಚೆ ಎತ್ತಿಕಟ್ಟಿ ತಾವೇ ತಳ್ಳಿಕೊಂಡು ಬಂದರು. ಬಿಡದಿಗೆ ಬಂದ ಸೋದರಮಾವ ನನ್ನನ್ನು ನೋಡಿದ ನೋಟವನ್ನು ಇಲ್ಲಿ ಬಣ್ಣಿಸುವುದಿಲ್ಲ. ಆದರೆ ಫಲಿತಾಂಶ ಬಂದು ಹುಡುಗಿ ಪಾಸಾದಾಗ ಕರೂರಿನಿಂದ ಅವರೇ ಒಂದು ಚೀಲ ಹೊಸ ಅಕ್ಕಿ ಕಳಿಸಿದರು.

ಇಲ್ಲಿಗೆ ನನ್ನ ಕೋಪ ಆರಬೇಕಿತ್ತು. ಆರಲು ಅಧ್ಯಕ್ಷರು ಬಿಡಲಿಲ್ಲ. ಪ್ರಯೋಗ ಜಯಪ್ರದವಾಯಿತೆಂದು ಬಳ್ಳಾರಿಯಲ್ಲಿ ಸಭೆ ಕರೆದರು. ಕುರುಗೋಡಿನಿಂದ ಹುಡುಗಿಯೊಬ್ಬಳು ಎಂಟು ಪಾಸಾದದ್ದು ತಮ್ಮ ಯೋಜನೆಯ ಫಲವಂತೆ! ನನ್ನನ್ನೂ ಈರಮ್ಮನನ್ನೂ ವೇದಿಕೆಗೆ ಕರೆಸಿದರು. ನಾನು ದಾರಿಯುದ್ದಕ್ಕೂ ಮಾತು ಮಸೆದುಕೊಂಡು ಹೋಗಿದ್ದೆ. ಈ ಹುಡುಗಿ ಪಾಸಾದದ್ದು ನಿಮ್ಮ ಉದ್ದದ ವರ್ಷದಿಂದ ಅಲ್ಲ, ಅದನ್ನು ಮೀರಿ ಎಂದು ಅವರ ಮುಖಕ್ಕೇ ಹೇಳುವವನಿದ್ದೆ. ಅಷ್ಟರಲ್ಲಿ ಅಧ್ಯಕ್ಷರು ಅವಳನ್ನೇ ಮೊದಲು ಮಾತಾಡಿಸಿದರು. ಅವಳು ಎದ್ದು ನಿಂತು, ತಲೆ ತಗ್ಗಿಸಿ, ಸ್ಪಷ್ಟವಾಗಿ ಹೇಳಿದಳು:

"ಹತ್ತಿ ಬಿಡಸಾಕ ಹೋಗಿ ನಂದು ಭಾಳ ಪಾಠ ತಪ್ಪಿತ್ರಿ. ಲೆಕ್ಕ ಒಂದೂ ಬರ್ತಿರಲಿಲ್ಲ. ಏಪ್ರಿಲ್‌ನಾಗ ಪರೀಕ್ಷಿ ಆಗಿದ್ರ ನಾನು ಫೇಲ್ ಆಗ್ತಿದ್ದೆ. ಬ್ಯಾಸಿಗ್ಯಾಗ ಸಾಲಿ ಇದ್ದುದಕ್ಕ ಮೇಷ್ಟ್ರು ಮೊದಲಿಂದ ಹೇಳಿಕೊಟ್ರು."

ಜನ ಚಪ್ಪಾಳೆ ತಟ್ಟಿದರು. ಅಧ್ಯಕ್ಷರು "ಚಾಲಾ ಬಾಗುಂದಿ" ಎಂದು ತೆಲುಗಿನಲ್ಲಿ ಮೆಚ್ಚಿ ನನ್ನ ಬೆನ್ನು ತಟ್ಟಿ, ಈ ಮೇಷ್ಟ್ರು ಬೀಗರಿಗೂ ಶಾಲೆ ಬಿಟ್ಟುಕೊಡಲಿಲ್ಲವಂತೆ, ಉದ್ದದ ವರ್ಷಕ್ಕೆ ಇಂಥ ಭಕ್ತ ಇನ್ನೊಬ್ಬನಿಲ್ಲ ಎಂದು ಹಾರ ಹಾಕಿದರು. ಮಸೆದಿಟ್ಟುಕೊಂಡ ಮಾತು ಅಲ್ಲೇ ಮೊಂಡಾಯಿತು. ಕೈಮುಗಿದು ಕೂತೆ. ಸುಳ್ಳು ಹೇಳಿದ್ದರೆ ಅವಳ ಮೇಲೆ ಸಿಟ್ಟಾದರೂ ಮಾಡಬಹುದಿತ್ತು.

ಮುಂದಿನ ವರ್ಷ ಕಮಿಟಿ ಯೋಜನೆಯನ್ನು ಸದ್ದಿಲ್ಲದೆ ಕೈಬಿಟ್ಟಿತು. ಅಧ್ಯಕ್ಷರ ಉತ್ಸಾಹ ಆಗ ವಯಸ್ಕರ ವ್ಯಾಯಾಮದ ಕಡೆ ತಿರುಗಿತ್ತು. ನನ್ನ ಬೇಸಿಗೆ ನನಗೆ ಮರಳಿ ಸಿಕ್ಕಿತು. ಸಿರುಗುಪ್ಪಕ್ಕೆ ಹೊರಡುವ ದಿನ, ಗಂಟುಮೂಟೆ ಕಟ್ಟಿ ಬಾಗಿಲಿಗೆ ಬರುತ್ತೇನೆ, ಎದುರಿಗೆ ಮೂವರು ಹುಡುಗಿಯರು ನಿಂತಿದ್ದಾರೆ. ಏಳನೆಯದನ್ನು ಮುಗಿಸಿದವರು, ಹತ್ತಿಯ ಕಾಲದಲ್ಲಿ ಶಾಲೆಯ ಕಡೆ ತಲೆ ಹಾಕದವರು. "ಈರಕ್ಕಗ ಹೇಳಿಕೊಟ್ಟಂಗ ನಮಗೂ ಹೇಳಿಕೊಡ್ರಿ" ಎಂದರು. ನನಗೆ ಎಲ್ಲಿಲ್ಲದ ಕೋಪ ಬಂತು. ಬೇಸಿಗೆಯಲ್ಲಿ ಶಾಲೆ ನಡೆಸುವುದು ಎಂಥ ಮೂರ್ಖತನ ಎಂದು ಅವರಿಗೆ ವಿವರವಾಗಿ ಹೇಳಿದೆ. ಕಲ್ಲಿನ ಚಪ್ಪಡಿಯ ಮಾತು ಹೇಳಿದೆ, ಪಂಖದ ಕೆಳಗೆ ಕೂತವರ ಮಾತು ಹೇಳಿದೆ, ರಜೆ ಎಂಬುದು ಮಕ್ಕಳ ಹಕ್ಕು ಎಂದೂ ಹೇಳಿದೆ. ಅವರು ಬಿಸಿಲಲ್ಲಿ ನಿಂತು ಎಲ್ಲವನ್ನೂ ಕೇಳಿಸಿಕೊಂಡರು. ಒಳಗಿನಿಂದ ನನ್ನವರು, "ಬಸ್ಸಿಗೆ ಹೊತ್ತಾತು, ನಾ ಒಬ್ಬಾಕೀನ ಹೋಗ್ತೀನಿ ಬಿಡ್ರಿ" ಎಂದು ಟ್ರಂಕಿನಿಂದ ನನ್ನ ಪಂಚೆಗಳನ್ನು ಹೊರಗೆ ತೆಗೆಯುತ್ತಿದ್ದರು. ನಾನಿನ್ನೂ ಬೈದು ಮುಗಿಸಿರಲಿಲ್ಲ. ಮುಗಿಸಿ, ಸೊಂಟದ ಬೀಗದಕೈ ಮುಟ್ಟಿ ನೋಡಿಕೊಂಡು, "ಲೆಕ್ಕದ ಪುಸ್ತಕ ತಂದೀರೋ ಇಲ್ಲೋ?" ಎಂದು ಕೇಳಿದೆ.