ಅಪ್‌ಡೇಟ್ ಆಗದ ನಾದಿನಿ

ನಮ್ಮ ನಾದಿನಿಯನ್ನು ಕರೆದೊಯ್ಯಲು ಯಮಧರ್ಮರಾಯ ಬಂದ ದಿನ ಅವನ ಪಾಡು ಏನಾಗುತ್ತದೆಂದು ನಾನು ಈಗಲೇ ಹೇಳಬಲ್ಲೆ. ‘ಈಗಲೇ ಹೊರಡುವಿರಾ, ಆಮೇಲೆ ನೆನಪಿಸಲೇ?’ ಎಂದು ಅವನು ಮರ್ಯಾದೆಗೊಂದು ಮಾತು ಕೇಳಿದರೆ ಸಾಕು, ಇವಳು ಎರಡನೆಯದನ್ನು ಒತ್ತಿ ಕಳಿಸಿಬಿಡುತ್ತಾಳೆ. ಮತ್ತೆ ಬಂದರೆ ಮತ್ತೆ ಒತ್ತುತ್ತಾಳೆ. ಕೋಣಕ್ಕೆ ಬೇಜಾರಾಗಿ ಅದು ತಾನಾಗಿ ವಾಪಸು ಹೋಗುವವರೆಗೂ ಒತ್ತುತ್ತಾಳೆ! ಅಪ್‌ಡೇಟ್ ಕೇಳುವ ಕಂಪ್ಯೂಟರಿನೊಡನೆ ಅವಳು ವರ್ಷಗಟ್ಟಲೆ ಸಂಸಾರ ಮಾಡಿದ್ದು ಹೀಗೆಯೇ.

ಇವಳು ನನ್ನ ಯಜಮಾನರ ತಂಗಿ. ಮದುವೆಯ ಗೋಜಿಗೆ ಹೋಗದೆ ಕಲಬುರಗಿಯ ಖೂಬಾ ಪ್ಲಾಟ್ ಬಡಾವಣೆಯ ನಮ್ಮ ಮನೆಯಲ್ಲೇ ಉಳಿದವಳು. ನನ್ನನ್ನು ‘ವೈನಿ’ ಎನ್ನುತ್ತಾಳೆ. ಅಣ್ಣನ ಹೆಂಡತಿಯನ್ನು ನಮ್ಮ ಕಡೆ ಹಾಗೇ ಕರೆಯುವುದು. ಆದರೆ ಆ ಒಂದು ಶಬ್ದದೊಳಗೆ ‘ನಿನಗೇನು ತಿಳೀತದ’ ಎಂಬ ಪೂರ್ತಿ ವಾಕ್ಯ ತುರುಕುವ ಕಲೆ ಇವಳೊಬ್ಬಳದೇ. ನಾನು ಕಾನ್ವೆಂಟಿನಲ್ಲಿ ಓದಿದವಳು. ‘ಲೇಡೀಸ್ ಡೋಂಟ್ ಆರ್ಗ್ಯೂ’ ಎಂದು ನಮ್ಮ ಸಿಸ್ಟರ್ ಕಲಿಸಿದ್ದರು. ಆ ಸಿಸ್ಟರ್ ನಮ್ಮ ನಾದಿನಿಯನ್ನು ಒಮ್ಮೆ ನೋಡಬೇಕಿತ್ತು, ಪಾಪ!

ಇವಳು ನೌಕರಿಗೆ ಸೇರಿದ್ದು ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ. ತಲೆಗೆ ಹೆಡ್‌ಫೋನ್ ಏರಿಸಿ, ಪಿನ್ನು ಚುಚ್ಚಿ, ಊರಿಗೂ ಊರಿಗೂ ಮಾತು ಕೂಡಿಸುವ ಕೆಲಸ. ಊರಿನ ಅರ್ಧ ಜನರನ್ನು ಮುಖ ನೋಡದೆ ಕೆಮ್ಮಿನಿಂದಲೇ ಗುರುತು ಹಿಡಿಯುತ್ತಿದ್ದಳು. ಒಂದು ದಿನ ಹೊಸ ಯಂತ್ರ ಬಂದು ಕಾಲ್‌ಗಳನ್ನು ತಾನೇ ಕೂಡಿಸತೊಡಗಿತು. ‘ಅಪ್‌ಗ್ರೇಡ್’ ಎಂದರು, ಯಂತ್ರಕ್ಕೆ ಹಾರ ಹಾಕಿದರು, ಇವಳನ್ನು ಬಿಲ್ ಸೆಕ್ಷನ್ನಿನ ಮೂಲೆಗೆ ಕೂರಿಸಿದರು. ಅಂದಿನಿಂದ ಆ ಶಬ್ದ ಕಿವಿಗೆ ಬಿದ್ದರೆ ಸಾಕು, ಇವಳ ಮೂಗಿನ ತುದಿ ಕೆಂಪಗಾಗುತ್ತದೆ.

ರಿಟೈರ್ ಆದವರು ಕಾಶಿಗೆ ಹೋಗುತ್ತಾರೆ, ಮೊಣಕಾಲಿಗೆ ಎಣ್ಣೆ ಹಚ್ಚಿಕೊಳ್ಳುತ್ತಾರೆ. ಇವಳು ಸ್ಟುಡಿಯೋ ಕಟ್ಟಿದಳು! ಅಡುಗೆಮನೆಯ ಪಕ್ಕದ ಸ್ಟೋರ್ ರೂಮಿನಿಂದ ಜೋಳದ ಚೀಲಗಳನ್ನು ಹೊರಹಾಕಿ ಒಂದು ಕಂಪ್ಯೂಟರ್, ಒಂದು ಮೈಕು, ಮೈಕಿನ ಧ್ವನಿಯನ್ನು ಕಂಪ್ಯೂಟರಿಗೆ ದಾಟಿಸುವ ಒಂದು ಸೌಂಡ್ ಬಾಕ್ಸು ತಂದಿಟ್ಟಳು. ದನಿ ಪ್ರತಿಧ್ವನಿಸಬಾರದೆಂದು ಮನೆಯ ಕೌದಿಗಳನ್ನೆಲ್ಲ ಮೊಳೆ ಹೊಡೆದು ಗೋಡೆಗೆ ಬಡಿದಳು. ನನ್ನ ಅತ್ತೆ ಕೈಯಾರೆ ಹೊಲಿದ ಕೌದಿಗಳವು. ಡಿಸೆಂಬರಿನಲ್ಲಿ ನಾನು ನಡುಗುತ್ತ ಹೋಗಿ, "ಒಂದರೆ ಕೊಡವಾ" ಎಂದೆ.

"ವೈನಿ, ಥಂಡಿ ಆದ್ರ ನೀ ಸ್ವೆಟರ್ ಹಾಕ್ಕೋ. ಗ್ವಾಡಿಗೆ ಸ್ವೆಟರ್ ಬರಲ್ಲ!"

ಇನ್ನು ಬೇಸಿಗೆಯ ಕತೆ ಕೇಳಿ. ಫ್ಯಾನಿನ ಸದ್ದು ಮೈಕಿಗೆ ಬೀಳುತ್ತದೆಂದು ಫ್ಯಾನು ಬಂದ್. ಕಲಬುರಗಿಯಲ್ಲಿ, ಮೇ ತಿಂಗಳಲ್ಲಿ, ಕೌದಿ ಹೊದ್ದ ಕೋಣೆಯಲ್ಲಿ! ಒಳಗೆ ಹೋಗುವಾಗ ಗಾಯಕಿಯರಾಗಿದ್ದವರು ಹೊರಗೆ ಬರುವಾಗ ಹಬೆಯಲ್ಲಿ ಬೆಂದ ಕಡುಬುಗಳಾಗಿರುತ್ತಿದ್ದರು.

ಗಾಯಕಿಯರು ಯಾರು ಅಂದಿರಾ? ಕಮಲಾಪುರದ ಭಜನೆಯ ಹೆಂಗಸರು, ಐವರು. ಇವಳು ಒಂದು ಸಲ ಅಲ್ಲಿಗೆ ಕೆಂಪು ಬಾಳೆಹಣ್ಣು ತರಲು ಹೋದವಳು, ಹಣ್ಣು ಮರೆತು ತಂಗೆಮ್ಮನನ್ನು ತಂದಳು. ತಂಗೆಮ್ಮ ಬಾಳೆತೋಟದಲ್ಲಿ ಕೂಲಿ ಮಾಡುವವಳು, ಅವಳೇ ಆ ಮೇಳದ ಮುಂದಾಳು. ಅವಳು ದನಿ ಎತ್ತಿದರೆ ರಸ್ತೆಯ ಆಚೆ ಬದಿಯ ಎತ್ತುಗಳೂ ಕಿವಿ ನಿಮಿರಿಸುತ್ತಿದ್ದವು. ಅವ್ವನ ಬಾಯಿಂದ ಕೇಳಿ ಕಲಿತ ಪದಗಳು, ಒಂದೂ ಕಾಗದದ ಮೇಲಿಲ್ಲ. ‘ಎಲ್ಲಾ ಹಿಡದು ಇಡ್ತೀನಿ’ ಎಂದು ನಾದಿನಿ ಶಪಥ ಮಾಡಿದಳು.

ಐವರಿಗೂ ಒಟ್ಟಿಗೆ ಬಿಡುವಾಗದಿದ್ದರೆ ಇವಳೇ ಕಂಪ್ಯೂಟರನ್ನು ಹೊತ್ತು ಕಮಲಾಪುರಕ್ಕೆ ಹೊರಡುತ್ತಿದ್ದಳು. ಬಸ್ಸಿನ ಕುಲುಕಾಟಕ್ಕೆ ಪೆಟ್ಟಾಗದಂತೆ ಡಬ್ಬಿಯನ್ನು ಕೌದಿಯಲ್ಲಿ ಸುತ್ತಿ ಮಡಿಲಲ್ಲಿಟ್ಟುಕೊಳ್ಳುವುದು. ಒಮ್ಮೆ ನಾನೂ ಜೊತೆಗಿದ್ದೆ. ಒಬ್ಬ ಹೆಣ್ಣುಮಗಳು ಕೌದಿ ಕಂಡು ಎದ್ದು ಸೀಟು ಕೊಟ್ಟು, "ಭಾಳ ಸಣ್ಣ ಕೂಸೇನ್ರಿ ಆಯಿ? ಒಟ್ಟ ಅಳಲ್ದಲ್ರಿ" ಎಂದಳು.

"ಸಣ್ಣದೆಲ್ಲಿಂದ ಬಂತು? ಮುದುಕಾಗ್ಯದ. ಕರೆಂಟ್ ಕೊಟ್ರ ಒದರ್ತದ" ಎಂದಳು ಇವಳು. ಆ ಹೆಣ್ಣುಮಗಳು ಮುಂದಿನ ಸ್ಟಾಪಿನಲ್ಲೇ ಇಳಿದುಹೋದಳು.

ಈಗ ಅಸಲು ಜಗಳಕ್ಕೆ ಬರುತ್ತೇನೆ. ಕಂಪ್ಯೂಟರಿನೊಳಗೆ ಆಪರೇಟಿಂಗ್ ಸಿಸ್ಟಮ್ ಎಂದೊಂದು ಇರುತ್ತದೆ. ಇಡೀ ಮನೆ ನಡೆಸುವ ಯಜಮಾನಿ ಅಂತ ಇಟ್ಟುಕೊಳ್ಳಿ. ಅವಳು ಬದಲಾದರೆ ಹಳೆಯ ನೆಂಟರು ಹೊಸಿಲು ತುಳಿಯುವುದಿಲ್ಲ. ಇವಳ ಸೌಂಡ್ ಬಾಕ್ಸು ಅಂಥ ಹಳೆಯ ನೆಂಟ. ಹೊಸ ಸಿಸ್ಟಮ್ ಹಾಕಿದರೆ ಅದು ಮೂಕ. ಆದ್ದರಿಂದ ಇವಳು ಹಳೆಯದನ್ನೇ ಹಿಡಿದು ಕೂತಳು. ಕಂಪ್ಯೂಟರ್ ಅಂಗಡಿಯವರು ಬೇಡಿಕೊಂಡರು.

"ಮೇಡಂ, ಜಮಾನಾ ಬದ್ಲಾಗ್ಯದ್ರಿ. ನಿಮ್ಮ ಸಿಸ್ಟಮಿಗಿ ಈಗ ಕಂಪನಿ ಸಪೋರ್ಟೇ ಇಲ್ಲ."

"ನನಗೂ ಯಾರ ಸಪೋರ್ಟ್ ಇಲ್ಲ. ನಾ ನಡೀಲಾಕತ್ತಿಲ್ಲೇನು?"

"ವೈರಸ್ ಬರ್ತದ್ರೀ!"

"ಇಂಟರ್ನೆಟ್ ವೈರೇ ಕಿತ್ತು ಒಗದೀನಿ. ಯಾ ಬಾಗಲದಿಂದ ಬರ್ತದ? ನಿಮ್ಮ ಅಂಗಡಿಗಿ ಬಂದಾಗೇ ಅಂಟಬೇಕು."

ಹಳೆಯ ಸಿಸ್ಟಮಿಗೆ ಒಂದು ಕಾಯಿಲೆಯಿತ್ತು, ಅದೇನು ಸುಳ್ಳಲ್ಲ. ಹಾಡಿದ ಧ್ವನಿಯನ್ನು ಅದು ರೆಪ್ಪೆ ಬಡಿಯುವಷ್ಟು ತಡ ಮಾಡಿ ಹಿಡಿಯುತ್ತಿತ್ತು. ಹಾಡುವವಳ ಕಿವಿಯ ಹೆಡ್‌ಫೋನಿಗೂ ಅಷ್ಟೇ ತಡವಾಗಿ ಮುಟ್ಟಿಸುತ್ತಿತ್ತು. ಮೊದಲೇ ಹಿಡಿದಿಟ್ಟ ದಿಮ್ಮಡಿ ಎಂಬ ಚರ್ಮವಾದ್ಯದ ತಾಳ ಒಂದು ಕಡೆ, ಧ್ವನಿ ಅದರ ಹಿಂದೆ ಕುಂಟುತ್ತ ಇನ್ನೊಂದು ಕಡೆ. ಬೇರೆ ಯಾರಾದರೂ ಆಗಿದ್ದರೆ ಸಿಸ್ಟಮನ್ನು ಸರಿಪಡಿಸುತ್ತಿದ್ದರು. ನಮ್ಮ ನಾದಿನಿ ಹೆಂಗಸರನ್ನು ಸರಿಪಡಿಸಿದಳು! ‘ತಾಳ ಬೀಳೂಕಿಂತ ಜರಾ ಮೊದ್ಲ ಹಾಡ್ರಿ. ನೀವು ಮೊದ್ಲ ಹೊಂಟ್ರ ಬರೋಬ್ಬರಿ ಟೈಮಿಗಿ ಮುಟ್ಟತೀರಿ’ ಎಂದು ತಿಂಗಳುಗಟ್ಟಲೆ ಪಳಗಿಸಿದಳು. "ಕಂಪ್ಯೂಟರ್ ರಿಪೇರಿ ಆಗಲಿಲ್ಲ, ಐದು ಮಂದಿ ಆದ್ರು" ಎಂದು ನನ್ನೆದುರು ಬೀಗಿದಳು.

ಪರಿಣಾಮ? ಕಮಲಾಪುರದ ಸೋಮವಾರದ ಭಜನೆಯಲ್ಲೂ ಐವರು ತಾಳಕ್ಕಿಂತ ಮುಂದೆ ಓಡತೊಡಗಿದರು. ಹಾರ್ಮೋನಿಯಂಗೆ ನಮ್ಮಲ್ಲಿ ಪೇಟಿ ಅನ್ನುತ್ತಾರೆ. ಪೇಟಿ ಮಾಸ್ತರು ಬೆವರು ಒರೆಸಿಕೊಂಡು ನನ್ನ ಹತ್ತಿರ ದೂರು ತಂದರು. "ಏನ್ರಿ ಅಮ್ಮಾರೆ ಇದು? ಲಾಸ್ಟ್ ಬಸ್ಸಿಗಿ ಹೊಂಟೋರಂಗ ಹಾಡ್ಲಾಕತ್ತಾರ! ನಾ ಹಿಂದ ಓಡಿ ಓಡಿ ಪರೇಶಾನ್ ಆಗೀನಿ." ನಾನು ‘ಐ ಆಮ್ ಸೋ ಸಾರಿ’ ಎಂದೆ. ಕಾನ್ವೆಂಟಿನ ವಿದ್ಯೆ ಅಷ್ಟಕ್ಕಾದರೂ ಬೇಕಲ್ಲ.

ಹೀಗಿರುವಾಗ ತಂಗೆಮ್ಮನ ಗಂಟಲಲ್ಲಿ ಗಂಟು ಕಾಣಿಸಿತು. ಡಾಕ್ಟರು ಪರೀಕ್ಷಿಸಿ, ತೆಗೆಯಲೇಬೇಕು ಎಂದರು. ಧ್ವನಿಯ ನರ ಅದಕ್ಕೆ ಒತ್ತಿಕೊಂಡೇ ಇದೆ, ದನಿ ಮೊದಲಿನಂತೆ ಉಳಿಯಬಹುದು, ಉಳಿಯದೆಯೂ ಹೋಗಬಹುದು ಎಂದರು. ಆಪರೇಷನ್ನಿಗೆ ದಿನ ಕೊಟ್ಟರು. ಅವಳ ಅವ್ವ ಬೀಸುಕಲ್ಲಿನ ಮುಂದೆ ಹಾಡುತ್ತಿದ್ದ ಒಂದು ಪದ ಮಾತ್ರ ರೆಕಾರ್ಡ್ ಆಗದೆ ಉಳಿದಿತ್ತು. ನಡುವೆ ಒಂದು ಸಾಲು ಗಾಳಿಪಟದ ಹಾಗೆ ಮೇಲೇರುವ ಪದ. ‘ಅದು ಹಾಡಿದ್ರ ಅವ್ವ ಎದುರಿಗಿ ಬಂದು ಕುಂದರ್ತಾಳ್ರಿ, ಆಮ್ಯಾಲ ನೋಡಮು’ ಎಂದು ತಂಗೆಮ್ಮ ಮುಂದೂಡುತ್ತಲೇ ಬಂದಿದ್ದಳು. ಈಗ ಮುಂದೂಡಲು ದಿನಗಳಿರಲಿಲ್ಲ.

ಅದೇ ವಾರ ಕರೆಂಟು ಹೋಯಿತು, ಬಂತು, ಮತ್ತೆ ಹೋಯಿತು, ಮತ್ತೆ ಜೋರಾಗಿ ಬಂತು. ಸ್ಟೋರ್ ರೂಮಿನಿಂದ ಸುಟ್ಟ ವಾಸನೆ! ಹಳೆಯ ಹಾಡುಗಳು ಬೇರೆ ಡಿಸ್ಕಿನಲ್ಲಿ ಕ್ಷೇಮವಾಗಿದ್ದವು. ಆದರೆ ಮುದುಕ ಕಂಪ್ಯೂಟರ್ ಮಾತ್ರ ಸಪೋರ್ಟ್ ಇಲ್ಲದೆಯೇ ಕಣ್ಣು ಮುಚ್ಚಿತ್ತು. ನಾದಿನಿ ಅದರ ಪಕ್ಕದಲ್ಲಿ ಕೆಡದೆ ಉಳಿದಿದ್ದ ಸೌಂಡ್ ಬಾಕ್ಸಿನ ವೈರು ಬಿಚ್ಚಿಟ್ಟಳು. ಸಮಾಧಾನ ಹೇಳೋಣವೆಂದು ನಾನು ಬಾಯಿ ತೆರೆಯುವಷ್ಟರಲ್ಲಿ, "ಚಪ್ಪಲಿ ಹಾಕ್ಕೋ ವೈನಿ. ಅಂಗಡಿಗಿ ನಡಿ" ಎಂದಳು.

ಅಂಗಡಿಯವರ ಮುಖದಲ್ಲಿ ಹಬ್ಬದ ಕಳೆ. ಮೂರು ಸಿಸ್ಟಮ್ ತೋರಿಸಿದರು. ಒಂದರ ಗುರುತು ಕಿಟಕಿ, ಒಂದರದು ಹಣ್ಣು, ಒಂದರದು ಪೆಂಗ್ವಿನ್.

"ಹಣ್ಣಿಂದು ಮ್ಯೂಸಿಕ್‌ಗಿ ನಂಬರ್ ಒನ್ ರೀ."

"ಕಮಲಾಪುರದ ಬಾಳಿಹಣ್ಣಿದ್ರ ಹೇಳ್ರಿ. ಬ್ಯಾರೆ ಹಣ್ಣು ನಮಗ ಹಿಡಸಲ್ಲ. ಮುಂದಿಂದು?"

"ಕಿಟಕೀದೇ ಹೊಸದು ಹಾಕ್ತೀನ್ರಿ. ಆದ್ರ ನಿಮ್ಮ ಸೌಂಡ್ ಬಾಕ್ಸ್ ಅದಕ್ಕ ನಡ್ಯಲ್ಲ."

"ಮತ್ತ ಈ ಹಕ್ಕಿ?"

ಅಂಗಡಿಯವರು ದನಿ ಇಳಿಸಿದರು. "ಅದು ಫುಕ್ಕಟ್ ಬರ್ತದ್ರಿ, ನಿಮ್ಮ ಹಳೀ ಬಾಕ್ಸೂ ಗುರುತು ಹಿಡೀತದ. ಆದ್ರ ಬ್ಯಾಡ್ರಿ ಮೇಡಂ. ಎಲ್ಲಾ ನೀವೇ ಟೈಪ್ ಮಾಡಿ ಹೇಳಬೇಕಾಗ್ತದ. ತಾನಾಗಿ ಅಪ್‌ಡೇಟ್ ಸುದ್ದಾ ಆಗಲ್ಲ, ನೀವು ಹೂಂ ಅನ್ನಬೇಕು."

ನಾದಿನಿಯ ಕಣ್ಣುಗಳು ಮಿನುಗಿದವು. "ನನ್ನ ಕೇಳದ ಏನೂ ಮಾಡಲ್ಲ? ಇಷ್ಟು ದಿನ ಈ ಹಕ್ಕೀನ ಯಾಕ ಬಚ್ಚಿಟ್ಟಿದ್ರಿ?"

ಹಕ್ಕಿ ಕೂತ ಹೊಸ ಕಂಪ್ಯೂಟರನ್ನು ಮನೆಗೆ ತಂದು ಮೇಜಿನ ಮೇಲೆ ಸ್ಥಾಪಿಸಿದೆವು. ಇಂಗ್ಲಿಷಿನ ಅಪ್ಪಣೆಗಳನ್ನು ಓದಿ ಹೇಳುವ ಕೆಲಸ ನನ್ನ ಪಾಲಿಗೆ ಬಂತು. ‘ಪರ್ಮಿಷನ್ ಡಿನೈಡ್’ ಎಂದಿತು ಪರದೆ. ನಾನು ಓದಿ, ಅರ್ಥವನ್ನೂ ಹೇಳಿದೆ.

"ನನ್ನ ಮನ್ಯಾಗ, ನನ್ನ ಟೇಬಲ್ ಮ್ಯಾಲ ಕುಂತು, ನನಗೇ ಪರ್ಮಿಷನ್ ಇಲ್ಲಂತದ? ಏ ವೈನಿ, ಕೇಳು ಅದಕ್ಕ, ಇದು ಯಾರಪ್ಪನ ಮನಿ ಅಂತ!"

ಕೇಳುವುದು ಹೇಗೆ? ಪಾಸ್‌ವರ್ಡ್ ಹೊಡೆದೆವು. ಹಕ್ಕಿ ಬಗ್ಗಿತು. ಹಳೆಯ ಸೌಂಡ್ ಬಾಕ್ಸಿನ ಹಸಿರು ದೀಪ ಹೊತ್ತಿಕೊಂಡಾಗ ಇವಳು ಅದಕ್ಕೆ ಕುಂಕುಮ ಹಚ್ಚಿದಳು.

ಆಪರೇಷನ್ನಿನ ಹಿಂದಿನ ದಿನ ತಂಗೆಮ್ಮ ಬಂದಳು. ಫ್ಯಾನು ಬಂದ್, ಬಾಗಿಲು ಬಂದ್. ಹಾಡಿದಳು. ಕೇಳಿದರೆ ಏನು! ಹೊಸ ಸಿಸ್ಟಮಿಗೆ ತಡ ಮಾಡುವ ಕಾಯಿಲೆಯೇ ಇರಲಿಲ್ಲ. ತಂಗೆಮ್ಮ ಮಾತ್ರ ಕಲಿಸಿದ ಹಾಗೆ ಮುಂಚೆಯೇ ಹೊರಟಿದ್ದಳು. ಹಾಡು ಮುಂದೆ, ದಿಮ್ಮಡಿ ಅದರ ಹಿಂದೆ ಚಪ್ಪಲಿ ಕಳೆದುಕೊಂಡವನಂತೆ! ಸಾವಕಾಶ ಹಾಡು ಎಂದರೆ ಅವಳಿಂದ ಆಗದು. ತಡೆದು ಹಾಡಲು ಹೋದರೆ ಪದವೇ ಮರೆಯುತ್ತದೆ. ಮೂರನೆಯ ಸಲ ತಪ್ಪಿದಾಗ ಹೆಡ್‌ಫೋನ್ ತೆಗೆದು, "ಬಿಡ್ರಿ ಅಕ್ಕೋರ. ಅವ್ವನ ಪದ ಅವ್ವನ ಸಂಗಟೇ ಹೋಗ್ಲಿ" ಎಂದು ಕಣ್ಣಿಗೆ ಸೆರಗು ಒತ್ತಿಕೊಂಡಳು.

"ಹ್ಯಾಂಗ ಹೋಗ್ತದ? ಕುಂದರು ಅಲ್ಲೇ!" ಎಂದು ಗದರಿದಳು ನಾದಿನಿ. ಮತ್ತೆ ಅವಳನ್ನು ತಿದ್ದಲಿಲ್ಲ. ಪರದೆಯಲ್ಲಿ ಹುಡುಕಿ ಹುಡುಕಿ, ಹೆಡ್‌ಫೋನಿಗೆ ಹೋಗುವ ಅವಳ ಧ್ವನಿಯನ್ನು ತಡ ಮಾಡುವ ಗುಂಡಿಯೊಂದನ್ನು ಪತ್ತೆ ಮಾಡಿದಳು. ಒತ್ತಿದಳು, ತಿರುವಿದಳು, ತಾನೇ ಕೇಳಿ ನೋಡಿದಳು. ಕೊನೆಗೆ, ಬಾಣದಂಥ ಹೊಸ ಸಿಸ್ಟಮನ್ನು ಸತ್ತುಹೋದ ಮುದುಕನಷ್ಟೇ ಮಂದ ಮಾಡಿಟ್ಟಳು! ಹೊಸದನ್ನು ತಂದು ಕೈಯಾರೆ ಹಳತು ಮಾಡಿದ ಇಂಥ ಹೆಂಗಸನ್ನು ಎಲ್ಲಾದರೂ ಕಂಡಿದ್ದೀರಾ?

"ಈಗ ಹಾಡು. ನಿನ್ನ ಚಾಲಿಗಿ ಬರಲಿ ಇದು."

ತಂಗೆಮ್ಮ ಕಣ್ಣು ಮುಚ್ಚಿ ಹಾಡಿದಳು. ಮೇಲೇರುವ ಸಾಲು ಬಂದಾಗ ನಾನು ಅಡುಗೆಮನೆಯಲ್ಲಿ ಒಗ್ಗರಣೆಯ ಸೌಟು ಹಿಡಿದು ಹಾಗೇ ನಿಂತುಬಿಟ್ಟೆ. ಹಿಡಿದ ಹಾಡನ್ನು ನಾದಿನಿ ಆಮೇಲೆ ತಾಳಕ್ಕೆ ಸರಿಯಾಗಿ ಜರುಗಿಸಿ ಕೂಡಿಸಿದಳು. ಅಲ್ಲಿಗೆ ಎಲ್ಲಾ ಪದಗಳೂ ಉಳಿದವು.

ಆಪರೇಷನ್ ಚೆನ್ನಾಗಿ ಆಯಿತು, ಜೀವಕ್ಕೆ ಅಪಾಯವಿಲ್ಲ ಎಂದರು. ಆದರೆ ದನಿ ಒಡೆದಿತ್ತು. ಮಳೆಗೆ ನೆಂದ ಬಾಗಿಲು ನೆಲಕ್ಕೆ ಉಜ್ಜುವಂಥ ಸ್ವರ. ಕಾದರೂ ಸುಧಾರಿಸಲಿಲ್ಲ. ತಂಗೆಮ್ಮ ಹಾಡುವುದನ್ನೇ ಬಿಟ್ಟಳು. ‘ಮಷೀನ್‌ನಾಗ ಅದಲ್ರಿ ನನ್ನ ದನಿ, ಅದನ್ನೇ ಹಚ್ರಿ’ ಎಂದು ನಕ್ಕಳಂತೆ.

ಹಾಗೇ ಒಂದು ಸೋಮವಾರ ಕಮಲಾಪುರದ ಭಜನೆಯಲ್ಲಿ ಅವ್ವನ ಪದವನ್ನು ಸ್ಪೀಕರಿನಲ್ಲಿ ಹಾಕುವುದೆಂದಾಯಿತು. ನಾದಿನಿ ಎಲ್ಲವನ್ನೂ ಕೌದಿಯಲ್ಲಿ ಕಟ್ಟಿಕೊಂಡು ಹೊರಟಳು, ನಾನೂ ಹೋದೆ. ಜನ ಕಿಕ್ಕಿರಿದಿದ್ದರು. ತಂಗೆಮ್ಮ ಕೊರಳಿಗೆ ವಲ್ಲಿಬಟ್ಟೆ ಸುತ್ತಿಕೊಂಡು, ತಾಳ ಹಿಡಿದು ಹಿಂದಿನ ಸಾಲಿನಲ್ಲಿ ಕೂತಿದ್ದಳು. ಹಾಡು ಶುರುವಾಯಿತು. ಎಂಥ ದನಿ! ಜನ ‘ವಾಹ್’ ಎಂದರು. ನಾನು ನಾದಿನಿಯ ಮುಖ ನೋಡಿದೆ, ಅವಳು ತಂಗೆಮ್ಮನ ಕೈಗಳನ್ನು ನೋಡುತ್ತಿದ್ದಳು. ಆ ಕೈಗಳ ತಾಳ ನಿಂತುಹೋಗಿತ್ತು.

ಟಕ್ಕೆಂದು ಹಾಡು ಬಂದ್. ನಾದಿನಿ ಸ್ಪೀಕರಿನ ವೈರು ಕಿತ್ತು ಕೈಯಲ್ಲಿ ಹಿಡಿದಿದ್ದಳು.

"ಯಾಕ್ರಿ ಅಕ್ಕೋರ?" ಎಂದರು ಪೇಟಿ ಮಾಸ್ತರು ಗಾಬರಿಯಾಗಿ.

"ಆಕಿ ಇಲ್ಲೇ ಕುಂತಾಳ. ಕುಂತಾಕಿನ್ನ ಬಿಟ್ಟು ಮಷೀನ್ ಯಾಕ ಹಾಡಬೇಕು? ಏ ತಂಗೆಮ್ಮ, ಮುಂದ ಬಾ."

"ನನ್ನ ದನಿ ಹೋಗ್ಯದ್ರಿ ಅಕ್ಕೋರ. ಈಗ ಹಾಡಿದ್ರ ಮಂದಿ ನಗ್ತಾರ."

"ನಗಲಿ. ನಾ ನೋಡ್ತೀನಿ ಯಾರು ನಗ್ತಾರಂತ!" ಇವಳು ಜನರ ಕಡೆ ತಿರುಗಿದ ರೀತಿಗೆ ಕೆಮ್ಮು ಬಂದವರೂ ನುಂಗಿಕೊಂಡರು.

ತಂಗೆಮ್ಮ ಕೂತಲ್ಲೇ ಶುರು ಮಾಡಿದಳು. ಒರಟು, ಬಿರುಕುಬಿಟ್ಟ, ಗಂಡಸಿನಂಥ ದನಿ. ಪೇಟಿ ಮಾಸ್ತರ ಬೆರಳುಗಳು ಅವಳ ಸ್ವರ ಎಲ್ಲಿದೆ ಎಂದು ಕೆಳಗೆ, ಇನ್ನೂ ಕೆಳಗೆ ಹುಡುಕುತ್ತ ಹೋಗಿ ಕೊನೆಗೆ ಅದನ್ನು ಹಿಡಿದವು. ಆಮೇಲೆ ಮೇಲೇರುವ ಸಾಲು ಬಂತು. ದನಿ ಅರ್ಧಕ್ಕೇ ನಿಂತಿತು. ತಂಗೆಮ್ಮ ತಲೆ ತಗ್ಗಿಸಿದಳು.

ಆಗ ಆ ಸಾಲನ್ನು ಇನ್ನೊಂದು ದನಿ ಎತ್ತಿಕೊಂಡಿತು. ನಮ್ಮ ನಾದಿನಿ! ನಾನು ಈ ಮನೆಗೆ ಬಂದಾಗಿನಿಂದ, ಎಲ್ಲರ ದನಿಯನ್ನೂ ಕೇಳಿಸಿಕೊಂಡ ಈ ಹೆಂಗಸು ಒಂದು ದಿನವೂ ಗುನುಗಿದ್ದನ್ನು ನಾನು ಕೇಳಿರಲಿಲ್ಲ. ಯಾಕೆಂದು ಆ ಕ್ಷಣ ತಿಳಿಯಿತು. ಅಷ್ಟು ಬೇಸೂರು! ದೇವರೇ, ಅಷ್ಟು ಅಪಸ್ವರ! ಆದರೂ ಕೊರಳ ನರ ಉಬ್ಬಿಸಿ, ಯಾರಿಗೂ ಅಂಜದೆ, ಅವಳು ಆ ಸಾಲನ್ನು ಎತ್ತಿ ಹಿಡಿದೇ ನಿಂತಿದ್ದಳು.

ತಂಗೆಮ್ಮ ತಲೆಯೆತ್ತಿ ನೋಡಿದಳು. ಮೊದಲು ನಕ್ಕಳು. ಆಮೇಲೆ ಇವಳ ಕೈಯಿಂದ ಬಿದ್ದುಹೋಗುವ ಹಾಗಿದ್ದ ಆ ಸಾಲನ್ನು ತನ್ನ ಒಡಕು ದನಿಯಲ್ಲಿ, ಒಂದು ಮೆಟ್ಟಿಲು ಕೆಳಗಿಳಿಸಿಕೊಂಡು, ಮುಂದಕ್ಕೆ ಹಾಡಿದಳು.