ಬಂಗುಡೆಯಿಂದ ಶುರುವಾದ ಕ್ಷಮೆ

ನಮ್ಮ ಮಾವ್ಶಿಯ ಕ್ಷಮೆ ಸಿಗದವರು ಪುತ್ತಿಗೆಯಲ್ಲಿ ಈಗ ಬಹುಶಃ ಯಾರೂ ಇಲ್ಲ. ಅದನ್ನು ಕೇಳಿ ಪಡೆದವರೂ ಯಾರೂ ಇಲ್ಲ! ಮಾವ್ಶಿ ಎಂದರೆ ಅಮ್ಮನ ಅಕ್ಕ. ಊರಿನವರಿಗೆ ಅವಳು ಬಾಯಮ್ಮ; ನಮ್ಮ ಕಡೆ ಕ್ರೈಸ್ತ ಹೆಂಗಸರನ್ನು ಉಳಿದವರು ಕರೆಯುವುದು ಹಾಗೆ. ಹೋದ ವರ್ಷ ಬಾಯಮ್ಮನ ಕೊಡೆ ದೂರದಲ್ಲಿ ಕಂಡರೆ ಸಾಕು, ಜನ ತಾವು ಮಾಡಿದ ತಪ್ಪು ಯಾವುದಿರಬಹುದೆಂದು ನೆನಪು ಮಾಡಿಕೊಳ್ಳುತ್ತಾ ನಿಲ್ಲುತ್ತಿದ್ದರು.

ಕಾರಣವನ್ನು ಮೊದಲೇ ಹೇಳಿಬಿಡುತ್ತೇನೆ. ಅದನ್ನು ಮುಚ್ಚಿಟ್ಟು ನಿಮ್ಮನ್ನು ನಗಿಸುವುದು ನನ್ನಿಂದಾಗದು. ಮಾವ್ಶಿಗೆ ಒಬ್ಬನೇ ಮಗನಿದ್ದ. ಮಾಣಿಯ ಹತ್ತಿರ ಅವನ ಬೈಕಿಗೆ ಪಿಕಪ್ ಒಂದು ಬಡಿಯಿತು. ಆಸ್ಪತ್ರೆ ಮುಟ್ಟುವ ಮೊದಲೇ ಅವನು ಹೋದ. ಪಿಕಪ್ ಓಡಿಸುತ್ತಿದ್ದವನು ವಾಮದಪದವಿನ ಕಡೆಯವನು, ಹೆಚ್ಚುಕಡಿಮೆ ಮಗನದೇ ಪ್ರಾಯ. ಅಂದಿನಿಂದ ಸಂಜೆಯ ಪ್ರಾರ್ಥನೆಯಲ್ಲಿ, ತಪ್ಪು ಮಾಡಿದವರನ್ನು ಕ್ಷಮಿಸುವ ಸಾಲು ಬಂದಾಗ ಮಾವ್ಶಿಯ ಬಾಯಿ ಮುಚ್ಚುತ್ತಿತ್ತು. ಉಳಿದವರು ಆ ಸಾಲು ದಾಟಿದ ಮೇಲೆ ಅವಳು ಬಂದು ಸೇರಿಕೊಳ್ಳುತ್ತಿದ್ದಳು. ಸುಳ್ಳು ಹೇಳಿ ಅಭ್ಯಾಸವಿಲ್ಲದವಳು, ದೇವರ ಹತ್ತಿರ ಹೇಗೆ ಹೇಳಿಯಾಳು?

ಹೋದ ವರ್ಷ ಈಸ್ಟರ್ ಹಬ್ಬಕ್ಕೆ ಮೊದಲಿನ ಉಪವಾಸದ ದಿನಗಳಲ್ಲಿ ಚರ್ಚಿನಲ್ಲಿ ಧ್ಯಾನಕೂಟ ನಡೆಯಿತು. ಕ್ಷಮೆ ಒಂದೇ ದಿನದಲ್ಲಿ ಬರುವಂಥದ್ದಲ್ಲ, ಸಣ್ಣ ಭಾರ ಎತ್ತಿ ಎತ್ತಿ ಕೈ ಪಳಗಿದರೆ ದೊಡ್ಡದನ್ನೂ ಎತ್ತಬಹುದು ಎಂದು ಫಾದರ್ ಹೇಳಿದರು. ಜನ ತಲೆಯಾಡಿಸಿದರು, ಮನೆಗೆ ಹೋಗಿ ಗಂಜಿ ಉಂಡರು. ಮಾವ್ಶಿ ಮಾತ್ರ ಮರುದಿನ ಬೆಳಿಗ್ಗೆಯೇ ಸಣ್ಣ ಭಾರಗಳನ್ನು ಹುಡುಕುತ್ತಾ ಹೊರಟಳು!

ಮೊದಲು ಸಿಕ್ಕಿದವರು ಸ್ಕೂಟರಿನಲ್ಲಿ ಮೀನು ತರುವ ಕಾಕ.

"ಕಾಕ, ಮಳೆಗಾಲದಲ್ಲಿ ನೀವು ಕೊಟ್ಟ ಬಂಗುಡೆ ಹಾಳಾಗಿತ್ತು. ನಾನು ಕ್ಷಮಿಸಿದ್ದೇನೆ."

"ಹಾಳಾದ ಬಂಗುಡೆ? ನಾನಾ? ಎಂತ ಮಾತಾಡ್ತೀರಿ ಬಾಯಮ್ಮ!"

"ಕ್ಷಮಿಸಿದ್ದೇನೆ ಅಂತ ಹೇಳಿದ್ನಲ್ಲ ಮಾರಾಯ್ರೆ."

"ನಿಮ್ಮ ಕ್ಷಮೆ ನನಗೆ ಬೇಡ! ಬಂಗುಡೆ ಫ್ರೆಶ್ ಇತ್ತು ಅಂತ ಹೇಳಿ, ಅಷ್ಟು ಸಾಕು."

ಮಾವ್ಶಿ ಹೇಳಲಿಲ್ಲ. ಒಂದು ವಾರ ಕಾಕನ ಹಾರ್ನ್ ಅವಳ ಗೇಟಿನ ಮುಂದೆ ಕೇಳಲಿಲ್ಲ. ಆ ವಾರದ ಸಿಟ್ಟನ್ನೂ ಅವಳು ಕ್ಷಮಿಸಿದಳು. ಭಾರ ಹುಡುಕುತ್ತಿದ್ದವಳಿಗೆ ಒಂದರ ಜೊತೆ ಇನ್ನೊಂದು ಪುಕ್ಕಟೆ!

ಆಮೇಲಿನ ಸರದಿ ನೆರೆಮನೆಯ ಶೆಡ್ತಿ ಅಕ್ಕನದು. ಅವರು ಬೇಲಿಯ ಆಚೆ ಬಟ್ಟೆ ಒಣಹಾಕುತ್ತಿದ್ದರು.

"ನಿಮ್ಮ ಕೋಳಿ ನನ್ನ ಬಸಳೆಯನ್ನೆಲ್ಲ ಮುಗಿಸಿತು. ಹೋಗಲಿ, ಕ್ಷಮಿಸಿದ್ದೇನೆ."

ಶೆಡ್ತಿ ಅಕ್ಕ ಬಸಳೆಯ ಬುಡವನ್ನು ಕೆದಕುತ್ತಿದ್ದ ಕೋಳಿಯನ್ನು ನೋಡಿದರು. "ಬಾಯಮ್ಮ, ಅದು ನಿಮ್ಮದೇ ಕೋಳಿ."

ಮಾವ್ಶಿ ಕೋಳಿಯನ್ನು ದಿಟ್ಟಿಸಿದಳು. "ಹಾಗಾದರೆ ಅದನ್ನೂ ಕ್ಷಮಿಸಿದ್ದೇನೆ."

ಕೋಳಿಗೆ ಸಿಕ್ಕ ಆ ಕ್ಷಮೆ ಈಸ್ಟರ್ ಹಬ್ಬದ ಬೆಳಿಗ್ಗೆಯವರೆಗೆ ನಡೆಯಿತು. ಮಧ್ಯಾಹ್ನ ಮಸಾಲೆ ಅರೆದಾಗಿತ್ತು.

ಫಾದರ್ ಕೂಡ ತಪ್ಪಿಸಿಕೊಳ್ಳಲಿಲ್ಲ. ಪೂಜೆ ಮುಗಿದು ಚರ್ಚಿನ ಅಂಗಳದಲ್ಲಿ ನಾವು ನಿಂತಿದ್ದಾಗ ಮಾವ್ಶಿ ನೇರವಾಗಿ ಅವರ ಬಳಿಗೆ ಹೋದಳು.

"ನಿಮ್ಮ ಪ್ರಸಂಗ ಉದ್ದ ಆಗಿ ಆಗಿ ನನಗೆ ಎಷ್ಟೋ ಸಲ ಬಸ್ಸು ತಪ್ಪಿದೆ ಫಾದರ್. ಕ್ಷಮಿಸಿದ್ದೇನೆ."

ಫಾದರ್ ನಕ್ಕರು. "ಪ್ರಾಯಶ್ಚಿತ್ತಕ್ಕೆ ನಾನು ಎಂತ ಮಾಡ್ಬೇಕು?"

"ಸಣ್ಣದು ಮಾಡಿ!"

ಸುತ್ತಲಿದ್ದವರೆಲ್ಲ ನಕ್ಕರು. ನಗು ಮುಗಿದ ಮೇಲೆ ಫಾದರ್ ದನಿ ತಗ್ಗಿಸಿ ಕೇಳಿದರು: "ದೊಡ್ಡ ಭಾರ ಎಂತ ಆಯ್ತು?" ಮಾವ್ಶಿ ಕೊಡೆ ಬಿಡಿಸಿದಳು. ಬಿಸಿಲೂ ಇರಲಿಲ್ಲ, ಮಳೆಯೂ ಇರಲಿಲ್ಲ.

ಅದಾಗಿ ಕೆಲವು ದಿನಗಳಲ್ಲಿ ಅವಳು ನನ್ನನ್ನು ಕರೆದಳು. "ನಾಳೆ ವಾಮದಪದವಿಗೆ ಹೋಗುವ. ನೀನೂ ಬಾ. ಒಬ್ಬಳೇ ಹೋದರೆ ಅಲ್ಲಿ ಎಂತ ಮಾಡ್ತೇನೋ ನನಗೇ ಗೊತ್ತಿಲ್ಲ."

ಬಸ್ಸಿನಲ್ಲಿ ಅವಳು ಕಿಟಕಿಯ ಪಕ್ಕ ಕುಳಿತಳು. ತುಟಿ ಅಲುಗುತ್ತಿತ್ತು. ನಾನು ಜಪವೆಂದುಕೊಂಡೆ. ಕಿವಿಗೊಟ್ಟಾಗ ಕೇಳಿಸಿದ್ದು ಒಂದೇ ಮಾತು: "ನಾನು ನಿನ್ನನ್ನು ಕ್ಷಮಿಸಿದ್ದೇನೆ." ಪರೀಕ್ಷೆಗೆ ಹೋಗುವವರ ಹಾಗೆ ಅದನ್ನೇ ಉರುಹೊಡೆಯುತ್ತಿದ್ದಳು.

ಪಿಕಪ್ ಓಡಿಸಿದವನ ಮನೆಯ ಅಂಗಳದಲ್ಲಿ ರಬ್ಬರ್ ಶೀಟುಗಳನ್ನು ಒಣಹಾಕಿದ್ದರು. ಅವುಗಳ ನಡುವಿನಿಂದ ಅವನು ಬಂದ. ಇಬ್ಬರೂ ಒಬ್ಬರನ್ನೊಬ್ಬರು ಕೋರ್ಟಿನಲ್ಲಿ ನೋಡಿದ್ದರು. ಮಾವ್ಶಿಯನ್ನು ಕಂಡವನು ಮೆಟ್ಟಿಲ ಮೇಲೆ ಹಾಗೆಯೇ ಕುಳಿತುಬಿಟ್ಟ. ಅವನ ತಾಯಿ ಒಳಗಿನಿಂದ ಒಂದು ಕುರ್ಚಿ ತಂದು ಇಟ್ಟರು.

ಮಾವ್ಶಿ ಕುಳಿತು ಬಾಯಿ ತೆರೆದಳು. ಇನ್ನೊಮ್ಮೆ ತೆರೆದಳು. ಊರಿಗೆಲ್ಲ ಧಾರಾಳವಾಗಿ ಹಂಚಿದ್ದ ಆ ಮಾತು ಅಲ್ಲಿ ಅವಳಿಗೆ ಸಿಗಲಿಲ್ಲ. ಕೊನೆಗೆ ಅವಳು ಕೇಳಿದ್ದು ಬೇರೆಯೇ.

"ಅವತ್ತು ನನ್ನ ಮಗನನ್ನು ರಿಕ್ಷಾದಲ್ಲಿ ಆಸ್ಪತ್ರೆಗೆ ಕರಕೊಂಡು ಹೋದದ್ದು ನೀನೇ ಅಲ್ವಾ?"

"ಹೌದು ಬಾಯಮ್ಮ."

"ದಾರಿಯಲ್ಲಿ ಎಂತಾದ್ರೂ ಹೇಳಿದನಾ?"

"ಇಲ್ಲ. ಉಸಿರು ಮಾತ್ರ ಇತ್ತು." ಅವನು ನೆಲ ನೋಡುತ್ತಿದ್ದ. "ತಲೆ ನನ್ನ ತೊಡೆ ಮೇಲೆ ಇಟ್ಟುಕೊಂಡಿದ್ದೆ. ಕಲ್ಲಡ್ಕ ದಾಟುವವರೆಗೆ ಉಸಿರಾಡ್ತಾ ಇದ್ದ."

ಮಾವ್ಶಿ ಅವನ ಕಾಲುಗಳನ್ನು ನೋಡಿದಳು.

"ಯಾವ ತೊಡೆ?"

ಅವನಿಗೆ ಅರ್ಥವಾಗಲಿಲ್ಲ. ನನಗೂ ಆಗಲಿಲ್ಲ. ಅವನು ಬಲಗಾಲನ್ನು ಮುಟ್ಟಿ ತೋರಿಸಿದ.

ಮಾವ್ಶಿ ಕುರ್ಚಿಯಿಂದ ಎದ್ದಳು. ಮೆಟ್ಟಿಲ ಮೇಲೆ ಅವನ ಬಲಕ್ಕೆ ಕುಳಿತು, ಅವನು ತೋರಿಸಿದ ಜಾಗದ ಮೇಲೆ ಅಂಗೈ ಇಟ್ಟಳು. ಜ್ವರದಲ್ಲಿ ಮಲಗಿದವರ ತಲೆ ಸವರುವ ಹಾಗೆ ಮೆಲ್ಲಗೆ ಸವರಿದಳು. ಅವನು ಕಾಲು ಅಲುಗಿಸದೆ ಕುಳಿತಿದ್ದ, ಅಲುಗಿದರೆ ಯಾರಿಗೋ ಎಚ್ಚರವಾದೀತು ಎಂಬಂತೆ.