ಅವ್ವನ ಖಣ, ನನ್ನ ಫೈಲು

ಐವತ್ತು ದಾಟಿದ ಗಂಡಸಿಗೆ ಒಂದಲ್ಲ ಒಂದು ಹುಚ್ಚು ಹತ್ತುವುದು ಸಹಜ. ನಮ್ಮ ಆಫೀಸಿನಲ್ಲಿ ಒಬ್ಬರು ಬೆಳಗಾದರೆ ಬೇವಿನ ರಸ ಕುಡಿಯುತ್ತಾರೆ. ಕುಡಿಯಲಿ, ಆದರೆ ನಮಗೂ ಕುಡಿಸಲು ಬಾಟಲಿ ತರುತ್ತಾರೆ. ನನಗೆ ಹತ್ತಿದ್ದು ಸೂಜಿ ದಾರದ ಹುಚ್ಚು. ಶರ್ಟಿನ ಗುಂಡಿ ಕಿತ್ತರೆ ಪಿನ್ನು ಚುಚ್ಚಿಕೊಂಡು ಆಫೀಸಿಗೆ ಹೋಗುತ್ತಿದ್ದವನು ನಾನು. ನಾನು ಹೊಲಿಯಲು ಕೂತೆ ಎಂದರೆ ನಮ್ಮ ಚಿಕ್ಕೋಡಿಯಲ್ಲಿ ಯಾರೂ ನಂಬಲಿಲ್ಲ, ನನ್ನ ಹೆಂಡತಿಯಂತೂ ಈಗಲೂ ನಂಬಿಲ್ಲ.

ಕಾರಣ ಮಗಳು ಸುಮಾ. ಚಿತ್ರಕಲೆ ಕಲಿಯಲು ಕೊಲ್ಲಾಪುರದ ಕಾಲೇಜೊಂದಕ್ಕೆ ಅರ್ಜಿ ಹಾಕಿದ್ದಳು. ಸಂದರ್ಶನಕ್ಕೆ ಹೋಗುವಾಗ ತಾನು ಬರೆದ ಚಿತ್ರಗಳನ್ನೆಲ್ಲ ಪೋರ್ಟ್‌ಫೋಲಿಯೊ ಎಂಬ ದೊಡ್ಡ ಫೈಲಿನಲ್ಲಿಟ್ಟು ಒಯ್ಯಬೇಕಂತೆ. ನಿಪ್ಪಾಣಿಯ ಅಂಗಡಿಗಳಲ್ಲಿ ಸಿಕ್ಕಿದ್ದೆಲ್ಲ ಕರಿ ರೆಕ್ಸಿನ್ನಿನವು, ವಕೀಲರ ಕಂಕುಳಲ್ಲಿರುವಂಥವು. "ನಾನ ಮಾಡಿಕೊಡ್ತೀನಿ ತಡಿ" ಎಂದುಬಿಟ್ಟೆ. ನನಗೆ ಚಿತ್ರ ಬರೆಯಲು ಬಾರದು. ನಾನು ಬರೆದ ಆಕಳನ್ನು ಮಾಸ್ತರರು ಮಂಚ ಎಂದುಕೊಂಡಿದ್ದರು. ಮಗಳ ವಿದ್ಯೆಯಲ್ಲಿ ನನ್ನದೂ ಒಂದು ಪಾಲಿರಲಿ, 'ನಮ್ಮಪ್ಪ ಮಾಡಿದ್ದು' ಎಂದು ಅಲ್ಲಿ ಅವಳು ಒಂದು ಸಲ ಹೇಳಲಿ, ಇಷ್ಟೇ ನನ್ನ ಆಸೆ.

ಸಾಮಾನಿಗೆ ಅವ್ವನ ಟ್ರಂಕಿತ್ತು. ಸದಲಗಾದಲ್ಲಿದ್ದಾಗ ಓಣಿಯ ಹೆಂಗಸರಿಗೆಲ್ಲ ಕುಪ್ಪಸ ಹೊಲಿದುಕೊಟ್ಟವಳು ಅವ್ವ. ಖಣದ ತುಂಡು, ಲೇಸು, ಹಿತ್ತಾಳೆ ಹುಕ್ಕು, ಅಂಕಿ ಅಳಿಸಿಹೋದ ಅಳತೆ ಟೇಪು, ಏನನ್ನೂ ಅವಳು ಬಿಸಾಡಿದವಳಲ್ಲ. ಎರಡು ರಟ್ಟುಗಳಿಗೆ ಖಣ ಹೊದಿಸಿದೆ, ಒಳಗೆ ಅಪ್ಪನ ಹಳೆಯ ಧೋತರದ ಅಸ್ತರು ಕೊಟ್ಟೆ, ಕಟ್ಟಲು ಲಾಡಿಯ ಬದಲು ಅದೇ ಟೇಪು ಹಾಕಿದೆ. ಬೆರಳಿಗೆ ಚುಚ್ಚಿಕೊಂಡದ್ದನ್ನು ಬಿಟ್ಟರೆ ಬಹಳ ಸುಖವಾಗಿದ್ದ ದಿನಗಳು ಅವು. ಅವ್ವ ಕನ್ನಡಕ ಏರಿಸಿ ನನ್ನ ಹೊಲಿಗೆ ನೋಡಿದಳು.

"ಎತ್ತು ಉಚ್ಚಿ ಹೊಯ್ಕೋತ ಹೋದಂಗ ಐತಲ್ಲೋ. ಇರ್ಲಿ. ಹೊಟ್ಟಿ ಯಾವಾಗ ತುಂಬಸ್ತಿ?"

ನಮ್ಮ ಮನೆಯಲ್ಲಿ ಹಳೆಯ ಬಟ್ಟೆ ಕೂಡಿಸಿ ಹೊದೆಯುವ ಕೌದಿ ಹೊಲಿಯುವಾಗ ನಡುವೆ ಗೇಣಷ್ಟು ಜಾಗ ಬಿಟ್ಟಿರುತ್ತಾರೆ. ಕಡೆಗೆ ಅದರೊಳಗೆ ಹೋಳಿಗೆಯ ಚೂರಿಟ್ಟು ಮುಚ್ಚುವುದು ಪದ್ಧತಿ. ಹಸಿದ ಕೌದಿ ಹೊದ್ದವರನ್ನು ಬೆಚ್ಚಗಿಡುವುದಿಲ್ಲವಂತೆ.

"ಅವ್ವಾ, ಇದು ಕೌದಿ ಅಲ್ಲ, ಫೈಲ" ಎಂದೆ.

"ಬಟ್ಟಿ ಅಲ್ಲೇನು? ಅಸ್ತರ ಅಲ್ಲೇನು? ಕೂಸು ಪರವೂರಿಗೆ ಹೊಂಟೈತಿ, ಉಪವಾಸ ಕಳಸ್ತಿಯೇನ?"

ನಾನು ಒಪ್ಪಲಿಲ್ಲ. ಅವಳೂ ಮತ್ತೆ ಮಾತಾಡಲಿಲ್ಲ. ಅವ್ವ ಸುಮ್ಮನಾದರೆ ಸೋತಳು ಎಂದುಕೊಳ್ಳುವ ತಪ್ಪನ್ನು ನಮ್ಮಪ್ಪ ಜೀವಮಾನವಿಡೀ ಮಾಡಿದರು. ಮಗನಾಗಿ ನಾನೂ ಮಾಡಿದೆ. ಮರುದಿನ ಆಫೀಸಿನಿಂದ ಬರುವಷ್ಟರಲ್ಲಿ ಅಸ್ತರಿನಲ್ಲಿ ನಾನು ಇನ್ನೂ ಹೊಲಿಯದೆ ಉಳಿಸಿದ್ದ ಗೇಣುದ್ದದ ಬಾಯನ್ನು ಅವಳೇ ಹೊಲಿದು ಮುಚ್ಚಿದ್ದಳು. ಮಗನ ಕಷ್ಟ ನೋಡಲಾಗಲಿಲ್ಲವೇನೋ ಎಂದುಕೊಂಡು ಕಣ್ಣಲ್ಲಿ ನೀರು ತಂದುಕೊಂಡೆ.

ಸಂದರ್ಶನದ ದಿನ ಸಂಜೆ ಸುಮಾ ನಗುತ್ತಲೇ ಮನೆಯೊಳಗೆ ಬಂದಳು. ಅಲ್ಲಿಯ ಹಿರಿಯ ಸರ್ ಒಬ್ಬರು, ನಮ್ಮ ಕಡೆಯವರೇ, ಅವಳು ಬರೆದ ಬೆಲ್ಲದ ಗಾಣದ ಚಿತ್ರವನ್ನು ಬಹಳ ಹೊತ್ತು ನೋಡಿದರಂತೆ. "ಬೆಲ್ಲದ ಮ್ಯಾಲಿನ ಇರಬಿ ಸೈತ ಬಿಟ್ಟಿಲ್ಲಲ್ಲ, ಭಾರೀ ಕಣ್ಣು ನಿಂದು" ಎಂದು ಹೊಗಳಿದರಂತೆ. ಅಷ್ಟರಲ್ಲಿ ಆ ಇರುವೆಯೇ ನಡೆದು ಕಾಗದದ ಅಂಚಿಗೆ ಹೋಯಿತು. ಹಿಂದೆ ಇನ್ನೊಂದು, ಅದರ ಹಿಂದೆ ಸಾಲು. ಅಸ್ತರು ತಡವಿ ನೋಡಿದರೆ ಒಳಗೆ ಹೋಳಿಗೆ.

"ಸತ್ತೆ ಅಂದ್ಕೊಂಡ್ನಪಾ. ಅವರು ಬಿದ್ದು ಬಿದ್ದು ನಕ್ರು. ತಮ್ಮ ಅಜ್ಜಿ ಕೌದಿನೂ ಹಿಂಗ ಇತ್ತಂತ. ಸೀಟ ಸಿಕ್ತು!"

"ಹೊಟ್ಟಿ ತುಂಬಿತ್ತು, ಸಿಕ್ತು" ಎಂದು ಅವ್ವ ಒಳಗಿನಿಂದಲೇ ತೀರ್ಪು ಕೊಟ್ಟಳು.

ಸಂತೋಷದಿಂದ ಮಗಳ ಬೆನ್ನು ತಟ್ಟಿದೆ. ಆದರೂ ಮನುಷ್ಯನ ಚಪಲ ನೋಡಿ, ಮೆಲ್ಲಗೆ ಕೇಳಿದೆ: "ನನ್ನ ಹೊಲಿಗಿ ಬಗ್ಗೆ ಏನರ ಅಂದ್ರೇನ?"

"ಅಂದ್ರಪಾ. ಯಾರು ಮಾಡಿದ್ದು ಅಂತ ಕೇಳಿದ್ರು. ನಮ್ಮಪ್ಪ ಅಂದೆ. ಪೂರಾ ತಿರುವಿ ನೋಡಿ, ಅಸ್ತರದಾಗ ಒಂದು ಗೇಣು ಮಾತ್ರ ಭಾಳ ಚಂದ ಹೊಲದಾರ ಅಂದ್ರು."

ಈಗ ಮನೆಗೆ ಬಂದವರಿಗೆಲ್ಲ ಆ ಫೈಲು ತೋರಿಸುತ್ತೇನೆ. ಆ ಒಂದು ಗೇಣನ್ನೇ ಮೊದಲು ತೋರಿಸುತ್ತೇನೆ. ಇದನ್ನೂ ನೀವೇ ಹೊಲಿದಿರಾ ಎಂದು ಯಾರಾದರೂ ಕೇಳಿದರೆ, ಚಹಾ ಆರಿಹೋಗುತ್ತದೆ, ಕುಡಿಯಿರಿ ಎನ್ನುತ್ತೇನೆ.